ಕ್ಷೇಮವು ಪ್ರಮಾಣವೇ?

ಲೋಕವು ಕಾರ್ಯವನ್ನು ಫಲದಿಂದ ಅಳೆಯುತ್ತದೆ. ತುಂಬಿದ ಹೊಳೆಯನ್ನು ಈಜಿ ದಡ ಸೇರಿದವನ ಬೆನ್ನನ್ನು ಊರವರು ತಟ್ಟುತ್ತಾರೆ. ಅದೇ ಹೊಳೆಗೆ ಅದೇ ರೀತಿಯಿಂದ ಇಳಿದು ಮುಳುಗಿದವನನ್ನು ಕುರಿತು, ಬುದ್ಧಿಗೆಟ್ಟು ಹೋದನೆಂದು ನಿಟ್ಟುಸಿರು ಬಿಡುತ್ತಾರೆ. ಇಬ್ಬರಿಗೂ ತಿಳಿದಿದ್ದುದು ಅಷ್ಟೇ; ಇಬ್ಬರೂ ಮಾಡಿದ ಆಲೋಚನೆಯೂ ಒಂದೇ. ಹೀಗಿರಲು ಒಬ್ಬನ ನಿರ್ಣಯವು ಸರಿಯೆಂದೂ ಮತ್ತೊಬ್ಬನದು ತಪ್ಪೆಂದೂ ಹೇಳುವುದಕ್ಕೆ ಆಧಾರವೇನು? ಕ್ಷೇಮವಾಗಿ ಹಿಂದಿರುಗಿದುದೇ ಯೋಗ್ಯವಾಗಿ ನಿರ್ಣಯಿಸಿದುದಕ್ಕೆ ಪ್ರಮಾಣವಾಗಬಲ್ಲುದೇ? ಈ ಪ್ರಶ್ನೆಯು ತರ್ಕಕ್ಕೆ ಎಷ್ಟು ಸಂಬಂಧಿಸಿದುದೋ ಧರ್ಮಕ್ಕೂ ಅಷ್ಟೇ ಸಂಬಂಧಿಸಿದುದು.

ಈ ಪ್ರಶ್ನೆಯು ಅತ್ಯಂತ ಕಠೋರವಾಗಿ ಪರೀಕ್ಷೆಗೆ ಒಳಗಾಗುವ ಸ್ಥಳವು ಹಿಮಪರ್ವತವಾಗಿದೆ. ಆಕಾಶದಿಂದ ಹಿಮವು ಬೀಳುವುದಕ್ಕೂ, ಬಿದ್ದು ನಿಂತ ಹಿಮವು ಬೆಟ್ಟದ ಮೈಯಿಂದ ಕಳಚಿಕೊಂಡು ರಾಶಿರಾಶಿಯಾಗಿ ಇಳಿದು ಬರುವುದಕ್ಕೂ ಕನ್ನಡದಲ್ಲಿ ಹಿಮಪಾತವೆಂಬ ಒಂದೇ ಮಾತನ್ನು ಬಳಸುವುದುಂಟು. ಇಲ್ಲಿ ವಿಚಾರಿಸತಕ್ಕದ್ದು ಎರಡನೆಯದು. ಅದನ್ನು ಹಿಮಕುಸಿತವೆಂದು ಕರೆಯುವುದು ಸ್ಪಷ್ಟವಾದೀತು. ಆಲ್ಪ್ಸ್ ಪರ್ವತಗಳಲ್ಲಿಯೂ ಹಿಮಾಲಯದಲ್ಲಿಯೂ ಸಂಚರಿಸುವವರು, ಮುಂದಿರುವ ಇಳಿಜಾರನ್ನು ದಾಟಬಹುದೋ ಕೂಡದೋ ಎಂಬುದನ್ನು ಕಾಲೂರುವುದಕ್ಕೆ ಮೊದಲೇ ನಿರ್ಣಯಿಸಬೇಕಾಗುತ್ತದೆ. ಆ ನಿರ್ಣಯದ ತಪ್ಪನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶವು ಅನೇಕರಿಗೆ ದೊರೆಯುವುದಿಲ್ಲ.

ದೂರದಿಂದ ನೋಡುವವನಿಗೆ ಬೆಟ್ಟದ ಹಿಮವು ಒಂದೇ ಬಿಳಿಯ ಹೊದಿಕೆಯಂತೆ ಕಾಣುತ್ತದೆ. ವಸ್ತುತಃ ಅದು ಓಲೆಗರಿಯ ಕಟ್ಟಿನಂತೆ ಪದರಪದರವಾಗಿರುತ್ತದೆ. ಪ್ರತಿಯೊಂದು ಸಲ ಬಿದ್ದ ಹಿಮವೂ, ಬೀಸಿದ ಗಾಳಿಯೂ, ಕಾಯ್ದ ಬಿಸಿಲೂ ತನ್ನದೊಂದು ಗರಿಯನ್ನು ಆ ಕಟ್ಟಿಗೆ ಸೇರಿಸಿ ಹೋಗುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮವು ತೆಳುವಾಗಿದ್ದಾಗ, ಕೆಳಗಿನ ನೆಲವು ಸುಮಾರು ಶೂನ್ಯ ಡಿಗ್ರಿಯ ಉಷ್ಣತೆಯಲ್ಲಿದ್ದು ಮೇಲಿನ ಗಾಳಿಯು ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಈ ಅಂತರದ ಸೆಳೆತದಿಂದ ನೀರಾವಿಯು ಕಣದಿಂದ ಕಣಕ್ಕೆ ಮೇಲಕ್ಕೇರುತ್ತ ಕೆಳಪದರವನ್ನು ಮೂಲೆಗಳುಳ್ಳ ಸಕ್ಕರೆಯ ಹರಳುಗಳಂತೆ ಮಾರ್ಪಡಿಸುತ್ತದೆ. ಹರಳಿಗೆ ಹರಳು ಅಂಟಿಕೊಳ್ಳುವುದಿಲ್ಲ. ಮುಂದೆ ಅದರ ಮೇಲೆ ಹೊಸ ಹಿಮವು ಬಿದ್ದು, ಗಾಳಿಯು ಅದನ್ನು ಒತ್ತಿ ಗಟ್ಟಿಯಾದ ಚಪ್ಪಡಿಯನ್ನಾಗಿ ಮಾಡಿದರೆ, ಭಾರವಾದ ಚಪ್ಪಡಿಯು ಅಶಕ್ತವಾದ ಹರಳುಗಳ ಮೇಲೆ ಕುಳಿತಂತಾಯಿತು. ಇಳಿಜಾರು ೩೦ ಡಿಗ್ರಿಗೂ ೪೫ ಡಿಗ್ರಿಗೂ ನಡುವೆ ಇರುವಲ್ಲಿ ಇಂತಹ ಚಪ್ಪಡಿಗಳು ಹೆಚ್ಚಾಗಿ ಕಳಚುತ್ತವೆ. ಒಬ್ಬ ಮನುಷ್ಯನ ಭಾರವು ಅದಕ್ಕೆ ಸಾಕಾಗಬಹುದು. ಪ್ರಾಣಹಾನಿಯಾದ ಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಸತ್ತವರೇ ಅಥವಾ ಅವರ ಜೊತೆಯವರೇ ತಮ್ಮ ಹೆಜ್ಜೆಯಿಂದ ಎಬ್ಬಿಸಿದ್ದರೆಂದು ತಿಳಿದವರು ಹೇಳುತ್ತಾರೆ. ಆದುದರಿಂದ ಇದು ಕಾಗೆಯು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಆಕಸ್ಮಿಕವಲ್ಲ. ಇಲ್ಲಿ ಕಾಗೆಯೇ ಹಣ್ಣನ್ನು ಕೆಡಹುತ್ತದೆ.

ಇದನ್ನು ಅರಿತವರು ಕುರುಡುನಂಬಿಕೆಯಿಂದ ಹೋಗುವುದಿಲ್ಲ, ಪರೀಕ್ಷಿಸುತ್ತಾರೆ. ಹಿಮದಲ್ಲಿ ಗುಂಡಿಯನ್ನು ತೋಡಿ ಪದರಗಳನ್ನು ಬೆರಳಿನಿಂದಲೂ ಮುಷ್ಟಿಯಿಂದಲೂ ಒತ್ತಿ ನೋಡುತ್ತಾರೆ. ಅಗಲದಲ್ಲಿಯೂ ದಪ್ಪದಲ್ಲಿಯೂ ೩೦ ಸೆಂಟಿಮೀಟರ್ ಇರುವ ಒಂದು ಕಂಬವನ್ನು ಕೊಯ್ದು ನಿಲ್ಲಿಸಿ, ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು, ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು ಏಟು, ಭುಜದಿಂದ ಹತ್ತು ಏಟು ಹಾಕಿ, ಎಷ್ಟನೆಯ ಏಟಿಗೆ ಯಾವ ಪದರವು ಮುರಿಯಿತೆಂಬುದನ್ನು ಬರೆದುಕೊಳ್ಳುತ್ತಾರೆ. ನೆರೆಯ ಇಳಿಜಾರಿನಲ್ಲಿ ಹೊಸ ಕುಸಿತಗಳು ಕಂಡರೆ, ಕಾಲಕೆಳಗೆ ಗುಮ್ಮೆಂದು ಸದ್ದಾಗಿ ಹಿಮವು ತಗ್ಗಿದರೆ, ಹೆಜ್ಜೆಯಿಂದ ಬಿರುಕುಗಳು ಹರಿದರೆ, ಅವನ್ನು ಅಪಾಯದ ಪ್ರತ್ಯಕ್ಷಲಕ್ಷಣಗಳೆಂದು ತಿಳಿಯುತ್ತಾರೆ. ಇಷ್ಟಾದರೂ ಒಂದು ಗುಂಡಿಯು ಹೇಳಿದುದನ್ನು ಕೆಲವೇ ಮಾರು ದೂರದ ಮತ್ತೊಂದು ಗುಂಡಿಯು ಅಲ್ಲಗಳೆಯಬಹುದು.

ಇಲ್ಲಿ ಅನುಭವವಾದಿಯ ಪೂರ್ವಪಕ್ಷವು ಎದ್ದು ನಿಲ್ಲುತ್ತದೆ. "ಈ ಇಳಿಜಾರನ್ನು ಇಪ್ಪತ್ತು ಸಲ ದಾಟಿಯಾಯಿತು, ಒಮ್ಮೆಯೂ ಏನೂ ಆಗಲಿಲ್ಲ. ಇಂದು ಸಹ ಅಪಾಯದ ಲಕ್ಷಣವೇನೂ ಕಾಣುವುದಿಲ್ಲ. ಆದುದರಿಂದ ಇದು ನಿರಪಾಯವಾದುದು." ಈ ಮಾತಿನಲ್ಲಿ ಎರಡು ಹೇತುಗಳಿವೆ, ಎರಡನ್ನೂ ಬೇರೆಬೇರೆಯಾಗಿ ಶೋಧಿಸಬೇಕು.

ಎರಡನೆಯದನ್ನು ಮೊದಲು ನೋಡಬಹುದು. ಕಾಣಲಿಲ್ಲವಾದುದರಿಂದ ಇಲ್ಲವೆಂಬುದು ಆ ಹೇತು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ್ದಾರೆ. ಬೆಳಕಿರುವ ಕೋಣೆಯ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂಬ ಜ್ಞಾನವು ಯಥಾರ್ಥವೇ ಸರಿ. ಆದರೆ ಅವರು ಒಂದು ನಿಬಂಧನೆಯನ್ನು ಹಾಕಿದ್ದಾರೆ: ವಸ್ತುವು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಹ ಯೋಗ್ಯತೆಯಿರುವಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಯನ್ನು ಸಾಧಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣಲಿಲ್ಲವೆಂದು ಅದರ ಅಭಾವವನ್ನು ಹೇಳಲಾಗದು. ಒಂದು ಮಾರು ಆಳದಲ್ಲಿ ಹುದುಗಿರುವ ಹರಳುಗಳ ಪದರಕ್ಕೆ ಮೇಲೆ ನಿಂತವನ ಕಣ್ಣಿಗೆ ಕಾಣುವ ಯೋಗ್ಯತೆಯೇ ಇಲ್ಲ. ಆದುದರಿಂದ ನಯವಾದ ಬಿಳಿಯ ಮೇಲ್ಮೈಯನ್ನು ನೋಡಿ ನಿರಪಾಯವೆನ್ನುವವನು ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆಯಿಲ್ಲವೆಂದು ಆಣೆಯಿಡುವವನಿಗೆ ಸಮಾನನು. ಲಕ್ಷಣವು ಕಂಡರೆ ಅಪಾಯವುಂಟು. ಕಾಣದಿದ್ದರೆ ಅಪಾಯವು ಇಲ್ಲವೆಂದಲ್ಲ, ತಿಳಿಯಲಿಲ್ಲವೆಂದಷ್ಟೇ ಅರ್ಥ.

ಇನ್ನು ಮೊದಲನೆಯ ಹೇತು: ಇಪ್ಪತ್ತು ಸಲ ದಾಟಿದುದು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವಂತೆ, ದಾಟಿ ಬದುಕಿದಲ್ಲೆಲ್ಲ ಹಿಮವು ದೃಢವಾಗಿತ್ತೆಂಬ ವ್ಯಾಪ್ತಿಯು ಸಿದ್ಧವಾಗಿದ್ದರೆ ಈ ಅನುಮಾನವು ನಿಲ್ಲುತ್ತಿತ್ತು. ಅಂತಹ ವ್ಯಾಪ್ತಿಯು ಇಲ್ಲ. ಅಶಕ್ತವಾದ ಪದರವಿದ್ದರೂ, ಮೇಲಿನ ಚಪ್ಪಡಿಯು ದಪ್ಪವಾಗಿರುವಲ್ಲಿ ಕಾಲಿಟ್ಟವನ ಭಾರವು ಕೆಳಗೆ ಮುಟ್ಟದೆ ಅವನು ದಾಟಿಬಿಡಬಹುದು. ಒಂಬತ್ತು ಮಂದಿ ದಾಟಿದ ಮೇಲೆ ಹತ್ತನೆಯವನ ಹೆಜ್ಜೆಯು ಚಪ್ಪಡಿಯು ತೆಳುವಾಗಿರುವ ಒಂದು ಸ್ಥಳದಲ್ಲಿ ಬಿದ್ದು ಇಡೀ ಇಳಿಜಾರು ಕಳಚಬಹುದು. ಮುಂದೆ ಹೋದವರ ಹೆಜ್ಜೆಗುರುತುಗಳು ಅವರು ದಾಟಿದರೆಂಬುದಕ್ಕೆ ಸಾಕ್ಷಿ. ಹಿಮವು ಗಟ್ಟಿಯೆಂಬುದಕ್ಕೆ ಸಾಕ್ಷಿಯಲ್ಲ. ತಾರ್ಕಿಕರು ಇಂತಹ ಹೇತುವನ್ನು ಸವ್ಯಭಿಚಾರವೆಂದು ತಳ್ಳಿಬಿಡುತ್ತಾರೆ.

ಶಾಲೆಯ ಲೆಕ್ಕದಿಂದ ಒಂದು ದೃಷ್ಟಾಂತವನ್ನು ಕೊಡಬಹುದು. ಅರವತ್ತನಾಲ್ಕರಲ್ಲಿ ಹದಿನಾರು ಎಂಬ ಭಿನ್ನರಾಶಿಯನ್ನು ಸಂಕ್ಷೇಪಿಸೆಂದರೆ, ಒಬ್ಬ ಹುಡುಗನು ೧೬ರಲ್ಲಿಯ ಆರನ್ನೂ ೬೪ರಲ್ಲಿಯ ಆರನ್ನೂ ಹೊಡೆದುಹಾಕಿ ನಾಲ್ಕರಲ್ಲಿ ಒಂದು ಎಂದು ಬರೆಯುತ್ತಾನೆ. ಉತ್ತರವು ಸರಿಯಾಗಿದೆ, ರೀತಿಯು ಶುದ್ಧ ಅಸಂಬದ್ಧವಾದುದು. ಅದೇ ರೀತಿಯನ್ನು ೧೩ಕ್ಕೂ ೩೪ಕ್ಕೂ ಹಚ್ಚಿದರೆ ಮೂರು ಹೋಗಿ ಮತ್ತೆ ನಾಲ್ಕರಲ್ಲಿ ಒಂದೇ ಬರುತ್ತದೆ, ಅದು ಸುಳ್ಳು. ವಿವೇಕಿಯಾದ ಉಪಾಧ್ಯಾಯನು ಮೊದಲನೆಯ ಉತ್ತರಕ್ಕೂ ಗುಣವನ್ನು ಕೊಡುವುದಿಲ್ಲ. ಕೊಟ್ಟರೆ ಹುಡುಗನು ಕೆಡುತ್ತಾನೆ. ಆದರೆ ಪರ್ವತವು ಇಂತಹ ಉಪಾಧ್ಯಾಯನಲ್ಲ. ಕೆಟ್ಟ ರೀತಿಯಿಂದ ದಾಟಿದವನಿಗೂ ಅದು ಅನೇಕ ವೇಳೆ ಪೂರ್ಣಗುಣಗಳನ್ನೇ ಕೊಡುತ್ತದೆ: ತಾಜಾ ಹಿಮದ ಮೇಲೆ ಜಾರಿದ ಸಂತೋಷ, ಗೆಳೆಯರ ಪ್ರಶಂಸೆ, ಸಂಜೆಯ ಬಿಸಿ ಪಾನೀಯ. ಅಡಿಗೆಯವನು ಉಪ್ಪನ್ನು ಹೆಚ್ಚಾಗಿ ಹಾಕಿದರೆ ಆ ಊಟದಲ್ಲಿಯೇ ಕಲಿಯುತ್ತಾನೆ. ಇಲ್ಲಿ ತಪ್ಪು ಮಾಡಿದವನು ತಪ್ಪನ್ನೇ ಪಾಠವೆಂದು ಕಲಿತು ಮನೆಗೆ ಹೋಗುತ್ತಾನೆ. ದಾರಿಯೊಂದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕ್ಷೇಮವಿದೆಯೆಂದೇ ಇಟ್ಟುಕೊಂಡರೂ, ಅದನ್ನು ನೂರು ಸಲ ನಡೆದವನು ನೂರು ಸಲವೂ ಕ್ಷೇಮವಾಗಿರುವ ಸಂಭವವು ನೂರಕ್ಕೆ ಮೂವತ್ತೇಳು ಪಾಲು ಮಾತ್ರವೆಂದು ಗಣಿತವು ಹೇಳುತ್ತದೆ.

ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೭೨ರಿಂದ ೨೦೦೩ರವರೆಗೆ ವಿಹಾರಕ್ಕಾಗಿ ಹೋದವರನ್ನು ಹಿಡಿದ ೭೧೫ ಹಿಮಕುಸಿತಗಳ ವೃತ್ತಾಂತಗಳನ್ನು ಶೋಧಿಸಿ ೨೦೦೪ರಲ್ಲಿ ಪ್ರಕಟಿಸಿದರು. ಮನುಷ್ಯರನ್ನು ದಾರಿ ತಪ್ಪಿಸುವ ಆರು ನೆಪಗಳನ್ನು ಅವರು ಎಣಿಸಿದ್ದಾರೆ: ಪರಿಚಿತವಾದ ಸ್ಥಳವೆಂಬ ನೆಚ್ಚಿಕೆ; ಹೊರಟ ಸಂಕಲ್ಪವನ್ನು ಬಿಡಲಾರದ ಹಟ; ಜೊತೆಯವರ ಮೆಚ್ಚುಗೆಯ ಆಸೆ; ಮುಂದಾಳಿನ ಮೇಲೆ ವಿಚಾರವಿಲ್ಲದ ಭರವಸೆ; ಸುತ್ತಲೂ ಜನರಿದ್ದಾರೆಂಬ ಧೈರ್ಯ; ಹೊಸ ಹಿಮವು ಇತರರ ಪಾಲಾಗುವ ಮೊದಲು ತನಗೆ ಸಿಕ್ಕಬೇಕೆಂಬ ಆತುರ. ಇವುಗಳಲ್ಲಿ ಒಂದಾದರೂ ಹಿಮದ ಗುಣವಲ್ಲ. ಆರೂ ಮನಸ್ಸಿನ ಗುಣಗಳೇ. ಹಿಮವನ್ನು ಪರೀಕ್ಷಿಸುವವನು ತನ್ನ ಅಂತರಂಗವನ್ನೂ ಒಂದು ಗುಂಡಿ ತೋಡಿ ನೋಡಬೇಕೆಂಬುದು ಇದರಿಂದ ಏರ್ಪಡುತ್ತದೆ.

ಒಬ್ಬನ ಅನುಭವವು ಅಲ್ಪವಾದರೂ ಒಂದು ಊರಿನ ನೂರಾರು ವರ್ಷಗಳ ನೆನಪು ಪ್ರಮಾಣವಾಗಲಾರದೇ ಎಂದು ಶಂಕಿಸಬಹುದು. ಆಸ್ಟ್ರಿಯ ದೇಶದ ಗಾಲ್ಟೂರ್ ಎಂಬ ಹಳ್ಳಿಯಲ್ಲಿ ಹಿಂದಿನ ದಾಖಲೆಗಳನ್ನು ಅನುಸರಿಸಿ ನಿರಪಾಯವೆಂದು ಗುರುತಿಸಿದ್ದ ಭಾಗದೊಳಕ್ಕೇ ೧೯೯೯ನೆಯ ಫೆಬ್ರವರಿ ೨೩ರಂದು ಹಿಮಕುಸಿತವು ನುಗ್ಗಿತು. ೩೧ ಮಂದಿ ಮೃತರಾದರು. ಹಿಂದೆ ಆಗದುದು ಮುಂದೆಯೂ ಆಗದೆಂಬ ನಂಬಿಕೆಯು ಇಡೀ ಊರಿನದಾದರೂ ನಂಬಿಕೆಯಾಗಿಯೇ ಉಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಎಂಬ ಊರಿನವರು ತಮ್ಮ ಮೇಲಿನ ಬೆಟ್ಟದ ಕಾಡಿನ ಒಂದು ಮರವನ್ನೂ ಯಾರೂ ಕಡಿಯಕೂಡದೆಂದು ೧೩೯೭ರಲ್ಲಿಯೇ ಶಾಸನ ಮಾಡಿಕೊಂಡರು. ಚಳಿಯ ದೇಶದಲ್ಲಿ, ಮನೆಯ ಬಾಗಿಲಲ್ಲೇ ಇರುವ ಕಟ್ಟಿಗೆಯನ್ನು ಬಿಟ್ಟು ದೂರದಿಂದ ತರುವುದೆಂದರೆ ದಿನನಿತ್ಯದ ಕಷ್ಟ. ಆ ಕಾಡು ಎಷ್ಟು ಕುಸಿತಗಳನ್ನು ಹುಟ್ಟುವ ಮೊದಲೇ ತಡೆದಿತೆಂಬುದಕ್ಕೆ ಲೆಕ್ಕವಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಆಗದೆ ಹೋದ ಅನರ್ಥವನ್ನು ಯಾರೂ ಎಣಿಸಲಾರರು. ಫಲವು ಕಣ್ಣಿಗೆ ಬೀಳದಿದ್ದರೂ ಕಾರಣವನ್ನು ನಂಬಿ ನಿಯಮವನ್ನು ಪಾಲಿಸಿದುದು ಆ ಜನರ ಹಿರಿಮೆಯಾಗಿದೆ.

ಪ್ರತ್ಯಕ್ಷವೂ ಅನುಮಾನವೂ ಹೀಗೆ ಕುಂಟಿದರೆ ಆಪ್ತವಾಕ್ಯವನ್ನಾದರೂ ಆಶ್ರಯಿಸಬಹುದಷ್ಟೆ. ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಮೇಲಣ ವೈಸ್‌ಫ್ಲೂಯೋಖ್ ಎಂಬಲ್ಲಿ ೧೯೩೬ರಲ್ಲಿ ಹಿಮದಿಂದಲೇ ಕಟ್ಟಿದ ಒಂದು ಗುಡಿಸಲಿನಲ್ಲಿ ವಿದ್ವಾಂಸರು ಹಿಮಸಂಶೋಧನೆಯನ್ನು ಆರಂಭಿಸಿದರು. ಅಲ್ಲಿಂದ ಬೆಳೆದ ಸಂಸ್ಥೆಯು ಇಂದು ಚಳಿಗಾಲದ ಪ್ರತಿದಿನವೂ ಅಪಾಯಸೂಚನೆಯನ್ನು ಹೊರಡಿಸುತ್ತದೆ. ೧೯೯೩ರಲ್ಲಿ ಯೂರೋಪಿನ ಸಂಸ್ಥೆಗಳೆಲ್ಲ ಅಪಾಯಕ್ಕೆ ಐದು ಮೆಟ್ಟಲುಗಳ ಒಂದೇ ಮಾನವನ್ನು ಒಪ್ಪಿಕೊಂಡವು. ಈ ವಾಕ್ಯವು ನಿಜವಾಗಿಯೂ ಆಪ್ತವಾದುದು. ಆದರೆ ಅದು ಒಂದು ಪ್ರಾಂತವನ್ನು ಕುರಿತದ್ದು. ಈ ಇಳಿಜಾರನ್ನು, ಈ ಗಳಿಗೆಯನ್ನು ಕುರಿತದ್ದಲ್ಲ. ಮೂರನೆಯ ಮೆಟ್ಟಲನ್ನು ಐದರ ಮಧ್ಯವೆಂದು ಭಾವಿಸಿ, ಮಧ್ಯವೆಂದರೆ ಸಾಧಾರಣವೆಂದು ಸಮಾಧಾನಪಟ್ಟುಕೊಳ್ಳುವವರು ಅನೇಕರು. ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತದ ಮರಣಗಳಲ್ಲಿ ಸುಮಾರು ಅರ್ಧವು ಸಂಭವಿಸುವುದು ಆ ಮೂರನೆಯ ಮೆಟ್ಟಲಿನ ದಿನಗಳಲ್ಲಿಯೇ. ಐದನೆಯ ಮೆಟ್ಟಲಿನ ದಿನ ಯಾರೂ ಹೊರಡುವುದಿಲ್ಲ. ಮೂರನೆಯ ದಿನ ಹೊರಡುತ್ತಾರೆ. ಆಪ್ತನು ಹೇಳಿದ ಮೇಲೂ ಕೇಳುವವನ ವಿವೇಕಕ್ಕೆ ಕೆಲಸವು ಉಳಿದೇ ಇರುತ್ತದೆ.

ಕ್ಷೇಮವು ಸುನಿರ್ಣಯಕ್ಕೆ ಪ್ರಮಾಣವಲ್ಲವೆಂದ ಮೇಲೆ, ಅದೇ ನ್ಯಾಯದಿಂದ ಅನರ್ಥವೂ ದುರ್ನಿರ್ಣಯಕ್ಕೆ ಪ್ರಮಾಣವಲ್ಲವೆಂದು ಒಪ್ಪಬೇಕಾಗುತ್ತದೆ. ೨೦೨೨ನೆಯ ಅಕ್ಟೋಬರ್ ೪ರಂದು ಉತ್ತರಾಖಂಡದ ದ್ರೌಪದೀ ಕಾ ದಂಡಾ ಎಂಬ ಶಿಖರದ ಬಳಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವು ಹಿಮಕುಸಿತಕ್ಕೆ ಸಿಕ್ಕಿ ೨೯ ಮಂದಿ ಅಳಿದರು. ಆ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳೆರಡನ್ನೂ ಹದಿನಾರು ದಿನಗಳೊಳಗೆ ಏರಿದ್ದ ಸವಿತಾ ಕಂಸ್ವಾಲ್ ಅವರೂ ಅವರಲ್ಲಿ ಒಬ್ಬರು. ಇಂತಹ ವಾರ್ತೆಯನ್ನು ಓದಿದೊಡನೆ ತಪ್ಪು ಯಾರದೆಂದು ಜಗಲಿಯ ಮೇಲೆ ಕುಳಿತು ತೀರ್ಪು ಕೊಡುವವನು, ಕ್ಷೇಮವನ್ನು ಕಂಡು ಹೊಗಳುವವನ ತಪ್ಪನ್ನೇ ತಲೆಕೆಳಗಾಗಿ ಮಾಡುತ್ತಾನೆ. ಫ್ರಾನ್ಸಿನ ಶಾಮೊನಿಗೆ ಸೇರಿದ ಮೊಂರೋಕ್ ಎಂಬಲ್ಲಿ ೧೯೯೯ನೆಯ ಫೆಬ್ರವರಿ ೯ರಂದು ಮನೆಗಳ ಮೇಲೆ ಹಿಮವು ಕುಸಿದು ೧೨ ಮಂದಿ ಸತ್ತರು. ಅಲ್ಲಿಯ ನಿವಾಸಿಗಳನ್ನು ಮೊದಲೇ ತೆರವುಗೊಳಿಸಲಿಲ್ಲವೆಂದು ಶಾಮೊನಿಯ ಪುರಾಧ್ಯಕ್ಷನು ಅಪರಾಧಿಯೆಂದು ೨೦೦೩ರಲ್ಲಿ ನ್ಯಾಯಾಲಯವು ನಿರ್ಣಯಿಸಿತು. ಇಂತಹ ವ್ಯವಹಾರದಲ್ಲಿ ಧರ್ಮಾಧಿಕಾರಿಯು ಕೇಳತಕ್ಕ ಪ್ರಶ್ನೆಯು, ಕೊನೆಗೆ ಏನಾಯಿತೆಂಬುದಲ್ಲ. ಆ ಹಿಂದಿನ ದಿನ ಏನು ತಿಳಿದಿತ್ತು, ಏನನ್ನು ತಿಳಿಯಬಹುದಾಗಿತ್ತು, ತಿಳಿದುದಕ್ಕೆ ತಕ್ಕಂತೆ ನಡೆದರೇ ಎಂಬುದು. ಮೃತರನ್ನು ಎಣಿಸಿದ ಮೇಲೆ ಈ ಪ್ರಶ್ನೆಯನ್ನು ನಿಷ್ಪಕ್ಷಪಾತವಾಗಿ ಕೇಳುವುದು ಅತಿಕಷ್ಟ, ಕಷ್ಟವೆಂದು ಬಿಡಲಾಗದು.

ಹಾಗಾದರೆ ಸಂಶಯವು ಎಂದಿಗೂ ತೀರದಿರುವಲ್ಲಿ ಯಾರೂ ಪರ್ವತಕ್ಕೆ ಹೋಗಲೇಕೂಡದೇ ಎಂದು ಕೇಳಬಹುದು. ಹಾಗಲ್ಲ. ಗೌತಮರ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಸಂಶಯವಿಲ್ಲದೆ ವಿಚಾರವಿಲ್ಲ, ವಿಚಾರವಿಲ್ಲದೆ ನಿರ್ಣಯವಿಲ್ಲ. ಸಂಶಯವನ್ನು ಜೊತೆಯಲ್ಲಿಯೇ ಕರೆದುಕೊಂಡು ಹೋಗತಕ್ಕ ಕ್ರಮವನ್ನು ತಿಳಿದವರು ಏರ್ಪಡಿಸಿಕೊಂಡಿದ್ದಾರೆ. ಸಂದೇಹವಿರುವ ದಿನ ಮೂವತ್ತು ಡಿಗ್ರಿಗಿಂತ ಕಡಿಮೆಯ ಇಳಿಜಾರನ್ನೇ ಆರಿಸಿಕೊಳ್ಳುತ್ತಾರೆ; ಮೇಲಿನಿಂದ ಕಳಚಿ ಬರಬಹುದಾದ ಸ್ಥಳಗಳಿಂದ ದೂರವಿರುತ್ತಾರೆ. ದಾಟಲೇಬೇಕಾದಲ್ಲಿ ಒಬ್ಬೊಬ್ಬರಾಗಿ ದಾಟುತ್ತಾರೆ. ಹೂತವನನ್ನು ಹುಡುಕುವ ಯಂತ್ರವನ್ನೂ ಸಲಿಕೆಯನ್ನೂ ಪ್ರತಿಯೊಬ್ಬನೂ ಹೊರುತ್ತಾನೆ. ಮೊದಲ ಹತ್ತು ನಿಮಿಷಗಳೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ, ಅನಂತರ ಆ ಆಸೆಯು ಬಹುಬೇಗ ಇಳಿಯುತ್ತದೆ. ಹೊರಡುವುದಕ್ಕೆ ಮೊದಲೇ, ಬಿಸಿ ಊಟವೂ ನೆಮ್ಮದಿಯೂ ಇರುವಾಗ, ಯಾವ ಲಕ್ಷಣವು ಕಂಡರೆ ಹಿಂದಿರುಗುವುದೆಂಬುದನ್ನು ಗೊತ್ತುಮಾಡಿಕೊಳ್ಳುತ್ತಾರೆ. ಗುಂಪಿನಲ್ಲಿ ಅತಿ ಕಿರಿಯನಾದವನು ಬೇಡವೆಂದರೂ ಎಲ್ಲರೂ ನಿಲ್ಲತಕ್ಕದ್ದೆಂಬ ಒಡಂಬಡಿಕೆಯನ್ನು ಮಾಡಿಕೊಳ್ಳುವವರೂ ಉಂಟು.

ಆದರೆ ಹಿಂದಿರುಗುವ ಸ್ವಾತಂತ್ರ್ಯವೇ ಇಲ್ಲದವರ ವಿಷಯವೇನು? ಇಲ್ಲಿ ಪ್ರಶ್ನೆಯು ಕನ್ನಡನಾಡಿನ ಬಾಗಿಲಿಗೇ ಬರುತ್ತದೆ. ೨೦೧೬ನೆಯ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯಲ್ಲಿ ಸುಮಾರು ೧೯,೬೦೦ ಅಡಿಗಳ ಎತ್ತರದ ಕಾವಲುಠಾಣೆಯ ಮೇಲೆ ಹಿಮವು ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಮೇಲೆ ಆ ಹಿಮದ ಕೆಳಗೆ ಜೀವಸಹಿತವಾಗಿ ದೊರೆತರು. ದೇಶವೆಲ್ಲವೂ ಪ್ರಾರ್ಥಿಸುತ್ತಿದ್ದಂತೆ ಫೆಬ್ರವರಿ ೧೧ರಂದು ದೆಹಲಿಯಲ್ಲಿ ಪ್ರಾಣಬಿಟ್ಟರು. ಹತ್ತಿಯ ಕಪ್ಪುಮಣ್ಣಿನ ಸೀಮೆಯಿಂದ ಹೋದವರು ಅವರು. ೧೯೮೪ರಿಂದ ಆ ಹಿಮನದಿಯಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೂ ಹಿಮಕ್ಕೂ ಬಲಿಯಾದವರೇ ಹೆಚ್ಚು.

ವಿಹಾರಕ್ಕೆ ಹೋದವನು ತನಗೇ ಆಜ್ಞೆ ಕೊಟ್ಟುಕೊಳ್ಳುತ್ತಾನೆ. ಯೋಧನೂ, ಕಣಿವೆಯ ದಾರಿಯಲ್ಲಿ ಹಿಮವನ್ನು ತೆಗೆಯುವ ಕೂಲಿಯವನೂ ಇತರರ ಆಜ್ಞೆಯಿಂದ ಅಲ್ಲಿ ನಿಲ್ಲುತ್ತಾರೆ. ಅವರ ಸಂಶಯವನ್ನು ಅವರ ಪರವಾಗಿ ಹೊರತಕ್ಕವರು ಬೇರೆಯವರು. ಈ ಉದ್ದೇಶದಿಂದಲೇ ೧೯೬೯ರಲ್ಲಿ ಮನಾಲಿಯಲ್ಲಿ ಹಿಮವನ್ನೂ ಹಿಮಕುಸಿತವನ್ನೂ ಅಭ್ಯಸಿಸುವ ಸಂಸ್ಥೆಯೊಂದು ಸ್ಥಾಪಿತವಾಯಿತು. ೨೦೨೦ರಲ್ಲಿ ಅದು ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಭೂಮಾಹಿತಿ ಸಂಶೋಧನಸಂಸ್ಥೆಯಲ್ಲಿ ಸೇರಿತು. ತನ್ನ ಪ್ರಾಣವನ್ನು ಪಣವಾಗಿಡುವವನಿಗೆ ಒಂದು ಪಾಲು ಎಚ್ಚರವು ಸಾಕೆಂದರೆ, ಪರರ ಪ್ರಾಣವನ್ನು ಕಳುಹಿಸುವವನಿಗೆ ಎರಡು ಪಾಲು ಬೇಕು. ಕಳುಹಿಸುವವನು ಬೆಚ್ಚಗಿನ ಕೋಣೆಯಲ್ಲಿರುವುದರಿಂದ ಅವನ ಕಿವಿಗೆ ಹಿಮದ ಗುಮ್ಮೆಂಬ ಸದ್ದು ಕೇಳಿಸದು. ಕಳೆದ ವರ್ಷ ಏನೂ ಆಗಲಿಲ್ಲವೆಂಬ ಮಾತು ಮಾತ್ರ ಕೇಳಿಸುತ್ತದೆ. ಆ ಮಾತನ್ನು ಪ್ರಮಾಣವೆಂದು ಒಪ್ಪದಿರುವುದೇ ಅಂತಹವನ ಮೊದಲನೆಯ ಧರ್ಮ. ತಾನು ಕೊಡುವ ಕಾರಣಗಳ ಬಲದ ಮೇಲೆಯೇ ತನ್ನ ಮಗನನ್ನೂ ಅಲ್ಲಿ ನಿಲ್ಲಿಸಬಲ್ಲೆನೇ ಎಂದು ಅವನು ಕೇಳಿಕೊಂಡರೆ ಸುಳ್ಳು ಹೇತುಗಳು ತಾವಾಗಿಯೇ ಉದುರಿಹೋಗುತ್ತವೆ.

ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ನಿರ್ಣಯವನ್ನು ಅದು ಹುಟ್ಟಿದ ಗಳಿಗೆಯ ಕಾರಣಗಳಿಂದ ಅಳೆಯಬೇಕೇ ಹೊರತು ಅನಂತರ ಒದಗಿದ ಫಲದಿಂದಲ್ಲ. ಕ್ಷೇಮವಾಗಿ ಬಂದವನು ಸಂತೋಷಪಡಲಿ. ಆದರೆ ಆ ಸಂತೋಷದ ನಡುವೆಯೇ, ಇದು ವಿವೇಕದಿಂದ ಬಂದುದೋ ದೈವದಿಂದ ಬಂದುದೋ ಎಂದು ವಿಚಾರಿಸಿಕೊಳ್ಳಲಿ. ದೈವವು ಕೊಟ್ಟುದನ್ನು ತನ್ನ ಬುದ್ಧಿಯ ಖಾತೆಗೆ ಬರೆದುಕೊಳ್ಳುವವನು ಮುಂದೆ ತೆರಲಾರದ ಸಾಲವನ್ನು ಮಾಡುತ್ತಾನೆ.

ಇದರಿಂದ ಸಮಾಜಕ್ಕೂ ಒಂದು ಕರ್ತವ್ಯವು ಒದಗುತ್ತದೆ. ಇಳಿಜಾರಿನ ಅಂಚಿನವರೆಗೆ ಹೋಗಿ, ಯೋಚಿಸಿ, ಹಿಂದಿರುಗಿದವನಿಗೆ ತಾನು ಮಾಡಿದುದು ಸರಿಯೆಂದು ತೋರಿಸುವ ಉಪಾಯವೇ ಇಲ್ಲ. ಆ ಇಳಿಜಾರು ಮರುದಿನ ಕದಲದೆ ನಿಂತಿರಬಹುದು. ಇತರರು ಅದನ್ನು ದಾಟಿ ಬಂದು ಅವನನ್ನು ಅಂಜುಬುರುಕನೆಂದು ನಗಬಹುದು. ದಾಟಿದವನಿಗೆ ಶಿಖರವು ಸಾಕ್ಷಿ. ಹಿಂದಿರುಗಿದವನಿಗೆ ಅವನ ಕಾರಣಗಳೇ ಸಾಕ್ಷಿ. ಅವು ಸರಿಯಾಗಿದ್ದರೆ ಅವನನ್ನು ಮನ್ನಿಸುವುದು ಊರವರಿಗೂ ಮನೆಯವರಿಗೂ ಸೇರಿದ ಕೆಲಸ. ಶಿಖರವನ್ನೇರಿದವರಿಗೆ ಹಾರ ಹಾಕುವ ಸಭೆಗಳು ಬೇಕಾದಷ್ಟಿವೆ. ತಕ್ಕ ಕಾರಣಕ್ಕಾಗಿ ಹಿಂದಿರುಗಿದವನನ್ನೂ ಅದೇ ಸಭೆಯಲ್ಲಿ ಕೂರಿಸಿ, ಏನನ್ನು ಕಂಡು ಹಿಂದಿರುಗಿದೆಯೆಂದು ಕೇಳಿ ತಿಳಿಯುವ ಪದ್ಧತಿಯು ಬೆಳೆದರೆ, ಮುಂದಿನ ಚಳಿಗಾಲದಲ್ಲಿ ಹೊರಡುವ ತರುಣರಿಗೆ ಬೇಡವೆನ್ನುವ ಧೈರ್ಯವು ಬರುತ್ತದೆ.